ತಾಯಿಗೆ ಎರಡು ಮಾತು

ಅಮ್ಮ ಬೆಳಗಿನಿಂದಲೂ ಎಂದಿನ ಹಾಗೆಯೇ ಇದ್ದಳು. ಲಿಡಿಯಾಳಿಗೆ ತಡೆಯಲಾಗದೆ ಹೋದದ್ದು ಅದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುಖ ಊದಿಸಿಕೊಂಡಿದ್ದರೆ ತಾನೂ ಊದಿಸಿಕೊಂಡು ಮೂಲೆಯಲ್ಲಿ ಕೂರಬಹುದಿತ್ತು. ಆದರೆ ಆರೋಗ್ಯಮೇರಿ ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದು, ಸೆರಗು ಸಿಕ್ಕಿಸಿಕೊಂಡು ಇಡ್ಲಿ ಬೇಯಿಸಿ, 'ಇನ್ನೊಂದು ಹಾಕ್ಲಾ?' ಎಂದು ಕೇಳಿದಳು. ಆ ಮಾತಿನೊಳಗೆ ಬೇರೊಂದು ಮಾತು ಅಡಗಿದೆಯೇ ಎಂದು ಹುಡುಕುತ್ತ ಲಿಡಿಯಾ ತಟ್ಟೆಯಲ್ಲಿದ್ದುದನ್ನು ತಣ್ಣಗಾಗಿಸಿದಳು. ಇನ್ನೊಂದು ಎಂದರೆ ಇನ್ನೊಂದು ಇಡ್ಲಿಯೋ, ಇನ್ನೊಂದು ತಾಯಿಯೋ? ಜಪಾನಿಗೆಂದು ಮಾಡಿದ ವಿಡಿಯೊವನ್ನು ಅಮ್ಮ ನೋಡಿದ್ದಾಳೆ. ನೋಡದೆ ಇರಲು ಸಾಧ್ಯವೇ ಇಲ್ಲ. ಕಾಲೇಜಿನವರು ಅದನ್ನು ತಮ್ಮ ಪುಟದಲ್ಲಿ ಹಾಕಿದ ಸಂಜೆಯೇ ಸ್ವೀಟಿ ಆಂಟಿ ಚರ್ಚಿನ ಹೆಂಗಸರ ವಾಟ್ಸಾಪ್ ಗುಂಪಿಗೆ ಎಸೆದಿದ್ದರು: ನಮ್ಮ ಪೌಲರಾಜಣ್ಣನ ಮಗಳು ಜಪಾನಿಗೆ ಹೊರಟಿದ್ದಾಳೆ, ಪ್ರಾರ್ಥನೆ ಇರಲಿ ಎಂದು ಬರೆದು, ಕೈಮುಗಿದ ಚಿತ್ರಗಳ ಪಕ್ಕ ನಾಲ್ಕಾರು ಬಾವುಟ ಅಂಟಿಸಿದ್ದರು. ಅವುಗಳಲ್ಲಿ ಅರ್ಧ ಬಾಂಗ್ಲಾದೇಶದವು. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಲಿಡಿಯಾಳ ಕೆನ್ನೆ ಸವರಿ, ನೀರು ಕುಡಿದ ಹಾಗೆ ಮಾತಾಡ್ತಾಳಲ್ಲ ಎಂದು ಹೊಗಳಿದರು. ವಿಡಿಯೊದಲ್ಲಿ ಅವಳ ಪಕ್ಕ ರೇಷ್ಮೆ ಸೀರೆ ಉಟ್ಟು ನಿಂತಿದ್ದ ಹೆಂಗಸು ಯಾರು ಎಂದು ಒಬ್ಬರೂ ಕೇಳಲಿಲ್ಲ. ಒಬ್ಬರಾದರೂ ಕೇಳಿದ್ದರೆ ಉಳಿದವರು ಗಮನಿಸಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮುಂದಿನ ತಿಂಗಳು ಅವಳು ಹೊರಡಬೇಕು. ಡಿಗ್ರಿಯ ಜೊತೆಗೆ ಜಪಾನಿ ಕಲಿಯುವ ಹನ್ನೊಂದು ಜನರಲ್ಲಿ ಅವಳೊಬ್ಬಳೇ ಆಯ್ಕೆಯಾಗಿದ್ದಳು. ಅಲ್ಲಿ ಸಮುದ್ರದ ಪಕ್ಕದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಒಂದು ಸೆಮಿಸ್ಟರು ಓದು; ವಾಸ ಒಕುಡಾ ಎಂಬ ವಯಸ್ಸಾದ ದಂಪತಿಯ ಮನೆಯಲ್ಲಿ. ಇವತ್ತು ನಾಲ್ಕು ಗಂಟೆಗೆ ಆ ದಂಪತಿ ವಿಡಿಯೊ ಕರೆ ಮಾಡುವವರಿದ್ದರು. ಅಷ್ಟರೊಳಗೆ ಅವಳು ಯಾದವಗಿರಿಯಲ್ಲಿರುವ ಗೆಳತಿ ಹರ್ಷಿತಾಳ ಮನೆ ಸೇರಬೇಕು, ಹರ್ಷಿತಾಳ ತಾಯಿ ಗಿರಿಜಾಂಬಾ ಅವರ ಪಕ್ಕ ಕುಳಿತು ನಗಬೇಕು. ಮಧ್ಯಾಹ್ನ ಸ್ಪೀಕಿಂಗ್ ಪ್ರಾಕ್ಟೀಸಿಗೆ ಹೋಗಬೇಕು ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಅದು ಪೂರ್ತಿ ಸುಳ್ಳೇನೂ ಅಲ್ಲ, ಅಲ್ಲಿಗೆ ಹೋಗಿ ಮಾತಾಡುವುದು ನಿಜ ತಾನೆ ಎಂದು ತನಗೆ ತಾನೇ ವಾದಿಸಿಕೊಂಡಳು. ಇತ್ತೀಚೆಗೆ ಅವಳ ತಲೆಯೊಳಗೊಬ್ಬ ವಕೀಲ ಬಾಡಿಗೆಗೆ ಬಂದು ಕೂತಿದ್ದ. ಹಗಲೂ ರಾತ್ರಿ ಅವನದು ಅದೇ ಕೆಲಸ.

ಎಲ್ಲ ಶುರುವಾದದ್ದು ಕೈಶಾಇನ್ ಎಂಬ ಶಬ್ದದಿಂದ. ಕೈಶಾಇನ್ ಎಂದರೆ ಕಂಪನಿ ನೌಕರ. ಮೊದಲನೆಯ ಪಾಠದಲ್ಲೇ ಅಪ್ಪ ಏನು ಮಾಡುತ್ತಾರೆ ಎಂದು ಹೇಳಬೇಕಿತ್ತು. ಪುಸ್ತಕದಲ್ಲಿದ್ದದ್ದು ಕಂಪನಿ ನೌಕರ, ವೈದ್ಯ, ಮೇಷ್ಟ್ರು, ಬ್ಯಾಂಕಿನವನು. ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ, ಬೆಲ್ಲದ ಮಂಡಿಗೂ ಪಾತ್ರೆಗೆ ಕಲಾಯಿ ಹಾಕುವವನ ಅಂಗಡಿಗೂ ನಡುವೆ, ಶವದ ಪೆಟ್ಟಿಗೆ ಮಾಡುವ ಪೌಲರಾಜ್‌ಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಹೀಗಾಗಿ ಪೌಲರಾಜ್ ಕಂಪನಿ ನೌಕರರಾದರು. ಅದು ತಾನು ಹೇಳಿದ ಸುಳ್ಳಲ್ಲ, ಪುಸ್ತಕ ಹೇಳಿಸಿದ್ದು. ಆಮೇಲೆ ಶಬ್ದಗಳು ಹೆಚ್ಚಿದವು. ಮರ, ಪೆಟ್ಟಿಗೆ, ಸಾವು ಎಲ್ಲವೂ ಬಂದವು. ಅಪ್ಪ ಮಾತ್ರ ಕಂಪನಿಯಲ್ಲೇ ಉಳಿದರು. ಮನೆ ಅಂಗಡಿಯ ಮೇಲಿತ್ತು. ಪೆಟ್ಟಿಗೆಯ ಒಳಗೆ ಹಾಸುವ ಬಿಳಿ ಸ್ಯಾಟಿನ್ ಬಟ್ಟೆಯನ್ನು ನೆರಿಗೆ ಹಿಡಿದು ಹೊಲಿಯುತ್ತಿದ್ದವಳು ಅಮ್ಮ. ಚಿಕ್ಕವಳಿದ್ದಾಗ ಬೇಸಿಗೆಯ ಮಧ್ಯಾಹ್ನ ಲಿಡಿಯಾ ಆ ತಣ್ಣನೆಯ ನೆರಿಗೆಗಳ ಮೇಲೆ ಮಲಗಿ ನಿದ್ದೆ ಮಾಡಿದ್ದುಂಟು. ಒಮ್ಮೆ ಪೆಟ್ಟಿಗೆ ನೋಡಲು ಬಂದವರು ಅವಳನ್ನು ಕಂಡು ಹೌಹಾರಿದ್ದರು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ, ನಿಮ್ಮಪ್ಪ ನಮ್ಮ ಬೀದೀಲಿ ಹೋದ್ರೆ ನಮ್ಮಜ್ಜಿ ಬಾಗಿಲು ಹಾಕ್ಕೋತಾರೆ ಎಂದು ಹೇಳುವ ತನಕ ಅವಳಿಗೆ ತಮ್ಮದು ಎಲ್ಲರಂಥ ಅಂಗಡಿಯಲ್ಲ ಎಂಬುದೇ ಹೊಳೆದಿರಲಿಲ್ಲ.

ಜಪಾನಿಗೆ ಹೋಗುವವರಿಗೆ ತಯಾರಿ ಕೊಡುವವರು ಪ್ರೇಮಲೀಲಾ ಮೇಡಂ. ಬಹಳ ವರ್ಷಗಳ ಹಿಂದೆ ಅವರು ಜಪಾನಿನಲ್ಲಿ ಮೂರು ವಾರದ ತರಬೇತಿಗೆ ಹೋಗಿದ್ದವರು, ಮನಸ್ಸಿನಲ್ಲಿ ಇನ್ನೂ ವಾಪಸು ಬಂದಿರಲಿಲ್ಲ. ತರಗತಿಯ ಹೊರಗೆ ಚಪ್ಪಲಿಯ ಮೂತಿ ಹೊರಗಿನ ಕಡೆ ತಿರುಗಿಸಿಡಿಸುತ್ತಿದ್ದರು. ನಮಸ್ಕಾರಕ್ಕೆ ಬಾಗುವುದನ್ನು ಕೋನಮಾಪಕ ಹಿಡಿದು ಅಳೆಯುತ್ತಿದ್ದರು. ಲಿಡಿಯಾಳದು ಯಾವಾಗಲೂ ಐದು ಡಿಗ್ರಿ ಹೆಚ್ಚಾಗಿ, ಇಷ್ಟು ಬಗ್ಗಿದರೆ ಏನೋ ತಪ್ಪು ಮಾಡಿದವಳ ಹಾಗೆ ಕಾಣುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದರು. ಒಂದು ದಿನ ಕ್ಯಾಂಟೀನಿನಿಂದ ಶ್ಯಾವಿಗೆ ತರಿಸಿ, ಅಲ್ಲಿ ಸದ್ದು ಮಾಡದೆ ತಿಂದರೆ ಅಡುಗೆಯವರಿಗೆ ಅವಮಾನ ಎಂದು ಸೊರ್ರನೆ ಎಳೆಯಲು ಹೇಳಿಕೊಟ್ಟರು. ಬಾಲ್ಯದಲ್ಲಿ ಹೀಗೆ ಸದ್ದು ಮಾಡಿದ್ದಕ್ಕೆ ಅಮ್ಮನಿಂದ ಕೈಮೇಲೆ ಹೊಡೆಸಿಕೊಂಡಿದ್ದ ಲಿಡಿಯಾ ಎಷ್ಟು ಪ್ರಯತ್ನಿಸಿದರೂ ಬಾಯಿಂದ ಸದ್ದು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಆತಿಥೇಯರಿಗೆ ಕಳಿಸಲು ಮನೆ ಮತ್ತು ಕುಟುಂಬವನ್ನು ಪರಿಚಯಿಸುವ ಒಂದು ಪುಟ್ಟ ವಿಡಿಯೊ ಬೇಕು ಎಂದವರೂ ಅವರೇ. ಲಿಡಿಯಾಳ ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಇರಬೇಕು, ಮನೆ ಎಂದರೆ ಏನಮ್ಮ, ಒಂದು ಬ್ಯಾಕ್‌ಗ್ರೌಂಡು ಅಷ್ಟೆ, ನಮ್ಮ ಸಂಸ್ಕೃತಿ ಒಂಚೂರು ಕಾಣೋ ಹಾಗಿರಲಿ ಎಂದು ಗೋಡೆಯ ಕಡೆ ನೋಡುತ್ತ ಹೇಳಿದ್ದರು.

ಸಂಸ್ಕೃತಿ ಹರ್ಷಿತಾಳ ಮನೆಯಲ್ಲಿ ಬೇಕಾದಷ್ಟಿತ್ತು. ಯಾದವಗಿರಿಯ ಆ ಬಂಗಲೆಯಲ್ಲಿ ತುಳಸಿಕಟ್ಟೆ, ಉಯ್ಯಾಲೆ, ವೀಣೆ, ವೀಣೆಗೊಂದು ಹೊದಿಕೆ, ಗುಲಾಬಿ ತೋಟ, ತೋಟಕ್ಕೊಬ್ಬ ಮಾಲಿ. ಆಯ್ಕೆ ಪರೀಕ್ಷೆಯಲ್ಲಿ ಹರ್ಷಿತಾ ಎರಡನೆಯವಳಾಗಿದ್ದಳು. ಆ ಬಗ್ಗೆ ತನಗೇನೂ ಬೇಜಾರಿಲ್ಲ ಎಂದು ಎಷ್ಟು ಸಲ ಹೇಳಿದ್ದಳೆಂದರೆ, ಅವಳ ಮನೆಯನ್ನು ಬೇಡ ಎನ್ನುವ ಧೈರ್ಯ ಲಿಡಿಯಾಳಿಗೆ ಉಳಿದಿರಲಿಲ್ಲ. ಗಿರಿಜಾಂಬಾ ಅವರೂ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಿದ್ದರು. ನಮ್ಮ ಮೈಸೂರಿನ ಮಾನ ನಿನ್ನ ಕೈಲಿದೆ ಎಂದರು. ಅವಳ ಜಡೆಗೆ ಮಲ್ಲಿಗೆ ಮುಡಿಸಿದರು. ಕೊರಳಲ್ಲಿದ್ದ ಶಿಲುಬೆಯ ಸರವನ್ನು ಎರಡು ಬೆರಳಿನಲ್ಲಿ ಎತ್ತಿ, ಇದು ಬೆಳಕಿಗೆ ಹೊಳೆದುಬಿಡುತ್ತೆ ಕಣಮ್ಮ ಎನ್ನುತ್ತ, ಅವಳ ರವಿಕೆಯೊಳಗೆ ಮೆಲ್ಲಗೆ ಇಳಿಬಿಟ್ಟರು. ಅವರ ಕೊರಳಲ್ಲಿ ಐದು ಎಳೆ ಚಿನ್ನ ಹೊಳೆಯುತ್ತಿತ್ತು. ಅವರಲ್ಲಿ ಕೆಟ್ಟ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಲಿಡಿಯಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಗಿರಿಜಾಂಬಾ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದೆಂದು ಮಾತಾಗಿತ್ತು. ಆದರೆ ಹರ್ಷಿತಾ ಮೊಬೈಲು ಹಿಡಿದು ಶುರು ಎಂದ ಕೂಡಲೇ ಅವರು ಲಿಡಿಯಾಳ ಹೆಗಲ ಮೇಲೆ ಕೈಯಿಟ್ಟು, ಕನ್ಯಾದಾನಕ್ಕೆ ನಿಂತವರ ಹಾಗೆ ತಲೆ ಓರೆ ಮಾಡಿದರು. ಆ ಕೈಗೆ ಏನಾದರೂ ಹೆಸರು ಕೊಡಲೇಬೇಕಿತ್ತು.

ಜಪಾನಿಯಲ್ಲಿ ತಾಯಿಗೆ ಎರಡು ಮಾತು. ಪರರೆದುರು ತನ್ನ ತಾಯಿಯ ಬಗ್ಗೆ ಹೇಳುವಾಗ ಹಹಾ ಎನ್ನಬೇಕು. ಆ ಶಬ್ದ ಕೇಳಿ ಮೊದಲ ದಿನ ಇಡೀ ತರಗತಿ ನಕ್ಕಿತ್ತು. ಬೇರೆಯವರ ತಾಯಿಯಾದರೆ ಗೌರವ ಸೇರಿಸಿ ಒಕಾಸಾನ್. ತುಳಸಿಕಟ್ಟೆಯ ಮುಂದೆ, ಹೆಗಲ ಮೇಲೆ ಆ ಭಾರದ ಕೈ ಹೊತ್ತು, ಲಿಡಿಯಾ ಸ್ಪಷ್ಟವಾಗಿ, ನಗುನಗುತ್ತ, 'ಇವರು ಒಕಾಸಾನ್' ಎಂದಳು. ಯಾರ ತಾಯಿ ಎಂದು ಹೇಳಲಿಲ್ಲ. ವ್ಯಾಕರಣದ ಪ್ರಕಾರ ಅದು ಸರಿಯಾಗಿತ್ತು. ಹಹಾ ಎಂದಿದ್ದರೆ ಮಾತ್ರ ಸುಳ್ಳಾಗುತ್ತಿತ್ತು. ತಲೆಯೊಳಗಿನ ವಕೀಲ ಬಾಡಿಗೆಗೆ ಬಂದದ್ದು ಆ ಗಳಿಗೆಯಲ್ಲೇ. ಆ ಶನಿವಾರ ಪಾಪನಿವೇದನೆಗೆ ಮೊಣಕಾಲೂರಿದಾಗ ಅವಳು ಜಪಮಾಲೆ ತಪ್ಪಿಸಿದ್ದನ್ನು, ಸ್ವೀಟಿ ಆಂಟಿಯ ಮೇಲೆ ಸಿಟ್ಟಾದದ್ದನ್ನು ಹೇಳಿದಳು. ಜಾಲರಿಯ ಆಚೆ ಕುಳಿತಿದ್ದ ಪಾದ್ರಿಗಳಿಗೆ ಒಕಾಸಾನಿಗೂ ಹಹಾಗೂ ಇರುವ ವ್ಯತ್ಯಾಸ ವಿವರಿಸಬೇಕಾದರೆ ಹಿಂದೆ ನಿಂತ ಸಾಲು ಬೀದಿಯ ತನಕ ಬೆಳೆಯುತ್ತಿತ್ತು. ಪ್ರಾಯಶ್ಚಿತ್ತಕ್ಕೆ ಅವರು ಹೇಳಿದ್ದಕ್ಕಿಂತ ಒಂದಷ್ಟು ನಮೋ ಮರಿಯಾ ಪ್ರಾರ್ಥನೆ ಹೆಚ್ಚಿಗೆ ಹೇಳಿ ಎದ್ದು ಬಂದಳು.

ಒಕುಡಾ ದಂಪತಿ ತಕ್ಷಣ ಉತ್ತರ ಕಳಿಸಿದ್ದರು. ತೋಟ ಬಹಳ ಚೆನ್ನಾಗಿದೆ, ತಾಯಿಯವರ ಕಣ್ಣಲ್ಲಿ ಕರುಣೆಯಿದೆ, ಅವರ ಮಗಳನ್ನು ನಮ್ಮ ಮಗಳಂತೆ ನೋಡಿಕೊಳ್ಳುತ್ತೇವೆಂದು ಅವರಿಗೇ ಮಾತು ಕೊಡಬೇಕು, ಒಮ್ಮೆ ಕರೆ ಮಾಡಬಹುದೇ ಎಂದು ಒಕುಡಾ ಅವರ ಹೆಂಡತಿ ಕೇಳಿದ್ದರು. ಕರುಣೆ ಎಂಬ ಮಾತು ಕೇಳಿದಾಗಿನಿಂದ ಗಿರಿಜಾಂಬಾ ಅವರಿಗೆ ತಾಯ್ತನ ಮೈಮೇಲೆ ಬಂದಂತಾಗಿತ್ತು. ದಿನಾ ಫೋನು ಮಾಡಿ, ಉಣ್ಣೆ ಬಟ್ಟೆ ತಗೊಂಡ್ಯಾ, ಭೂಕಂಪವಾದರೆ ಮೇಜಿನ ಕೆಳಗೆ ಕೂರಬೇಕಂತೆ, ಗೊತ್ತಲ್ಲ ಎಂದು ವಿಚಾರಿಸುತ್ತಿದ್ದರು. ಅಮ್ಮ ಅಂಥದ್ದೇನೂ ಕೇಳಿರಲಿಲ್ಲ. ಅವಳು ಸ್ವೆಟರಿಗೆ ಒಳಗಿನಿಂದ ಒಂದು ಜೇಬು ಹೊಲಿದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, ಇರ್ಲಿ ಬುಡು ಎಂದಿದ್ದಳು.

ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಅಪ್ಪ ಕೆಳಗಿನಿಂದ ಕೂಗಿದ್ದಕ್ಕೆ ಲಿಡಿಯಾ ಇಳಿದು ಹೋದಳು. ಮೂರು ಗಂಟೆಯ ಮಣ್ಣಿಗೆ ಪೆಟ್ಟಿಗೆಯೊಂದು ಹೋಗಬೇಕಿತ್ತು. ಅಮ್ಮ ನೆಲದಲ್ಲಿ ಕೂತು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಳಗಿನ ಸ್ಯಾಟಿನ್ನಿನ ಕೊನೆಯ ನೆರಿಗೆ ಹಿಡಿಯುತ್ತಿದ್ದಳು. ಅಪ್ಪನ ಕೈಗೆಲ್ಲ ಪಾಲಿಶ್ ಆಗಿದ್ದುದರಿಂದ ಮುಚ್ಚಳದ ಹಿತ್ತಾಳೆ ಹಿಡಿಗಳನ್ನು ಒರೆಸಲು ಮಗಳು ಬೇಕಿತ್ತು. ಮಾವನನ್ನು ಕಳೆದುಕೊಂಡ ನೆಲ್ಸನ್ ಎಂಬವರು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಅತ್ತು ಅವರ ಕಣ್ಣು ಕೆಂಪಾಗಿತ್ತು. ಆದರೂ ಲಿಡಿಯಾಳನ್ನು ಕಂಡೊಡನೆ, ಜಪಾನಿಗೆ ಹೋಗೋ ವಿಮಾನ ನಮ್ಮ ಮಂಡಕಳ್ಳಿ ಏರ್‌ಪೋರ್ಟಿಂದಲೇ ಸಿಗುತ್ತಾ ಎಂದು ಕೇಳಿದರು. ಇಲ್ಲ ಎಂದದ್ದಕ್ಕೆ ತಮಗೇ ತೊಂದರೆಯಾದವರಂತೆ ತಲೆಯಾಡಿಸಿದರು. ಅಲ್ಲಿಯವರು ಹೂಳುತ್ತಾರೋ ಸುಡುತ್ತಾರೋ ಎಂದು ಕೇಳಿದರು. ಸುಡುತ್ತಾರೆ ಎಂದಾಗ ಪೌಲರಾಜ್ ಬ್ರಷ್ಷು ನಿಲ್ಲಿಸಿ, ಅಂಗಾದ್ರೆ ಅಲ್ಲಿ ನಮ್ಗೇನೂ ಕೆಲ್ಸಿಲ್ಲ ಎಂದು ಮತ್ತೆ ಬಳಿಯತೊಡಗಿದರು.

ಫೋನು ಹೊಡೆದುಕೊಂಡದ್ದು ಆಗ. ಪರದೆಯ ಮೇಲೆ ಒಕುಡಾ ಎಂಬ ಹೆಸರು ಕಂಡು ಲಿಡಿಯಾಳಿಗೆ ಮೊದಲು ಇವರಿಗೇನೋ ತಪ್ಪಾಗಿದೆ ಎನಿಸಿತು. ನಾಲ್ಕು ಗಂಟೆಗೆ ಇನ್ನೂ ಹೊತ್ತಿತ್ತು. ಮರುಕ್ಷಣವೇ ಲೆಕ್ಕ ಹೊಳೆಯಿತು. ಎರಡು ವರ್ಷದಿಂದ ಆ ದೇಶದ ಭಾಷೆ ಕಲಿಯುತ್ತಿರುವವಳಿಗೆ ಅಲ್ಲಿ ಹೊತ್ತು ಮೂರೂವರೆ ತಾಸು ಮೊದಲೇ ಏರುತ್ತದೆ ಎಂಬುದು ಮರೆತಿತ್ತು. ನಾಲ್ಕು ಎಂದರೆ ಅವರ ನಾಲ್ಕು. ಅವಳು ಫೋನನ್ನು ಬಟ್ಟೆಯ ತುಂಡಿನ ಕೆಳಗೆ ತಳ್ಳಿದಳು. ಅದು ಅಲ್ಲೇ ಗುರುಗುಟ್ಟಿತು. ಎತ್ತಮ್ಮ, ಪರದೇಶದ ಫೋನು ಎಂದು ನೆಲ್ಸನ್ ಬಟ್ಟೆ ಸರಿಸಿ, ಹಸಿರು ಗುರುತನ್ನು ತಾವೇ ಒತ್ತಿ, ಫೋನನ್ನು ಉಪಕಾರ ಮಾಡಿದವರ ಹಾಗೆ ಅವಳ ಮುಖದೆದುರು ಹಿಡಿದರು.

ನೆರೆತ ಕೂದಲಿನ ಇಬ್ಬರು ಪುಟ್ಟ ಮನುಷ್ಯರು ಪರದೆಯ ಮೇಲೆ ಬಾಗಿ ನಮಸ್ಕರಿಸಿದರು. ಲಿಡಿಯಾಳೂ ಬಾಗಿದಳು, ಎಷ್ಟು ಡಿಗ್ರಿಯೋ ದೇವರೇ ಬಲ್ಲ. ಎದ್ದಾಗ ಅವರ ಕಣ್ಣು ತನ್ನ ಹಿಂದೆ ಹೋಗಿರುವುದು ಕಂಡಿತು. ಹಿಂದೆ ಸಾಲಾಗಿ ಪೆಟ್ಟಿಗೆಗಳಿದ್ದವು. ದೊಡ್ಡವು, ಗೋಡೆಗೊರಗಿಸಿದ ಸಣ್ಣವು, ಎಲ್ಲದರ ಮೇಲೂ ಶಿಲುಬೆ. ಅವುಗಳ ಮುಂದೆ ಬಾಯಲ್ಲಿ ಪಿನ್ನು ಕಚ್ಚಿಕೊಂಡ ಒಬ್ಬ ಹೆಂಗಸು. ಒಕುಡಾ ಅವರ ಹೆಂಡತಿ ಬಹಳ ನಯವಾಗಿ, ಪಾಠದ ಧ್ವನಿಯಷ್ಟು ನಿಧಾನವಾಗಿ, ಹಿಂದಿರುವವರು ಯಾರೆಂದು ತಿಳಿಯಬಹುದೇ ಎಂದು ಕೇಳಿದರು. ಭಾಷೆ ಬಾರದಿದ್ದರೂ ಆರೋಗ್ಯಮೇರಿಗೆ ಪ್ರಶ್ನೆ ಅರ್ಥವಾಯಿತು. ಅವಳು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

'ನಾನ್ಯಾರು ಅಂತ ಕೇಳ್ತಾವ್ರಾ?' ಎಂದಳು. ಲಿಡಿಯಾ ತಲೆಯಾಡಿಸಿದಳು. 'ನಿಂಗೆ ಎಂಗೆ ಅನುಕೂಲವೋ ಅಂಗೆ ಏಳವ್ವ. ನಂಗೇನೂ ಇಲ್ಲ.'

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕುಟುಕೂ ಇರಲಿಲ್ಲ. ತಲೆಯೊಳಗಿನ ವಕೀಲ ಏನಾದರೂ ಹೇಳಲೆಂದು ಲಿಡಿಯಾ ಕಾದಳು. ಅವನು ಊಟಕ್ಕೆ ಹೋದಂತಿತ್ತು. ಮನೆಗೆಲಸದವರು ಎಂಬುದಕ್ಕೆ ಶಬ್ದ ಗೊತ್ತಿತ್ತು. ಅತ್ತೆ, ಚಿಕ್ಕಮ್ಮ ಎಂಬುದಕ್ಕೂ ಗೊತ್ತಿತ್ತು. ಒಂದೊಂದೂ ನಾಲಿಗೆಯ ತುದಿಗೆ ಬಂದು ನಿಂತವು. ತಿರುಗಿ ನೋಡಿದರೆ ಅಮ್ಮ ಕಾಯುತ್ತ ಕೂತಿದ್ದಳು, ಯಾವ ಶಬ್ದ ಹೇಳಿದರೂ ಅದಕ್ಕೆ ತಕ್ಕಂತೆ ನಗಲು ತಯಾರಾಗಿ. ಅದನ್ನು ನೋಡಿ ಲಿಡಿಯಾ ಪರದೆಯ ಕಡೆ ತಿರುಗಿದಳು. ಹಹಾ, ಎಂದಳು. ಇವರು ನನ್ನ ತಾಯಿ. ಇದು ನನ್ನ ಮನೆ. ತಂದೆ ಕಂಪನಿ ನೌಕರರಲ್ಲ. ಸತ್ತವರಿಗೆ ಪೆಟ್ಟಿಗೆ ಮಾಡುತ್ತಾರೆ. ತೋಟದಲ್ಲಿದ್ದವರು ಗೆಳತಿಯ ತಾಯಿ. ಹೇಳಿ ಮುಗಿಸಿ, ಆರು ತಿಂಗಳ ಜಪಾನು ಅಲ್ಲೇ ಪೆಟ್ಟಿಗೆಯೊಳಗೆ ಬಿತ್ತು ಎಂದುಕೊಂಡು ತಲೆ ತಗ್ಗಿಸಿದಳು.

ಪರದೆಯ ಮೇಲೆ ಗಡಿಬಿಡಿಯಾಯಿತು. ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡು, ಇನ್ನೂ ಆಳವಾಗಿ ಬಾಗಿದರು. ಕ್ಷಮಿಸಬೇಕು, ಬಹಳ ಅವಿನಯವಾಯಿತು ಎಂದರು ಒಕುಡಾ ಅವರ ಹೆಂಡತಿ. ನೀವು ಆ ದಿನವೇ ಒಕಾಸಾನ್ ಎಂದು ಸರಿಯಾಗಿಯೇ ಹೇಳಿದ್ದಿರಿ. ಮಾತನ್ನು ಗಮನವಿಟ್ಟು ಕೇಳದೆ ನಾವೇ ತಪ್ಪು ತಿಳಿದೆವು. ನಿಮ್ಮ ಜಪಾನಿ ನಿಜಕ್ಕೂ ಅಚ್ಚುಕಟ್ಟು.

'ಏನಂತಾರೆ?' ಎಂದು ಅಮ್ಮ ಕೇಳಿದಳು.

'ಕ್ಷಮ್ಸಿ ಅಂತಿದಾರೆ.'

'ಅವರ್ಯಾಕೆ?'

ಲಿಡಿಯಾ ಇಷ್ಟು ದಿನ ಹೊತ್ತು ತಿರುಗಿದ ತಪ್ಪನ್ನು ಇಳಿಸಲೆಂದು ನಿಂತರೆ, ಆಚೆಯವರು ಅದನ್ನು ತಮ್ಮ ಸಾಮಾನೆಂದು ಎತ್ತಿಕೊಂಡಿದ್ದರು. ಹಿಂದಕ್ಕೆ ಕೇಳುವಂತೆಯೂ ಇರಲಿಲ್ಲ. ಆರೋಗ್ಯಮೇರಿ ಅಷ್ಟರಲ್ಲಿ ಎದ್ದು ಕೈ ಒರೆಸಿಕೊಂಡು ಮುಂದೆ ಬಂದಿದ್ದಳು. ನೆಲ್ಸನ್ ತಾವಾಗಿ ಫೋನನ್ನು ಅವಳ ಕಡೆ ತಿರುಗಿಸಿದರು. ಅವಳು ಆ ಇಬ್ಬರನ್ನು, ಪೀಠದ ಮುಂದೆ ನಿಂತು ಸಂತರ ಪಟ ನೋಡುವವಳ ಹಾಗೆ, ಒಂದು ಗಳಿಗೆ ನೋಡಿದಳು.

'ನಾನೇಳೋದ ಅಂಗಂಗೇ ಏಳ್ಬೇಕು ನೀನು,' ಎಂದು ಮಗಳಿಗೆ ಹೇಳಿ, ಪರದೆಗೆ ಮಾತಾಡಿದಳು. 'ಇವ್ಳು ಒಂಚೂರು ಸುಳ್ಳು ಏಳ್ತಾಳೆ. ಕೆಟ್ಟೋಳಲ್ಲ ಕಣ್ರೀ. ಭಯಕ್ಕೆ ಏಳ್ತಾಳೆ. ಏಳ್ಬುಟ್ಟು ಊಟ ಸೇರ್ದೆ ಒದ್ದಾಡ್ತಾಳೆ. ಅವಾಗ ಕೂಗಾಡ್ಬ್ಯಾಡಿ, ಏನೂ ಕೇಳ್ಬ್ಯಾಡಿ. ತಟ್ಟೆ ಮುಂದಿಡಿ, ಉಣ್ತಾಳೆ.'

ಅಂಗಡಿಯಲ್ಲಿ ಬ್ರಷ್ಷಿನ ಸದ್ದು ನಿಂತಿತ್ತು. ಲಿಡಿಯಾ ಒಂದೊಂದೇ ಶಬ್ದವನ್ನು ಎತ್ತಿಟ್ಟಳು. ನನ್ನ ಮಗಳು ಸ್ವಲ್ಪ ಸುಳ್ಳು ಹೇಳುತ್ತಾಳೆ. ಕೆಟ್ಟವಳಲ್ಲ. ಹೆದರಿಕೆಯಿಂದ ಹೇಳುತ್ತಾಳೆ. ಹೇಳಿದ ಮೇಲೆ ಊಟ ಮಾಡಲಾರಳು. ಬೈಯಬೇಡಿ, ತಟ್ಟೆ ಇಡಿ. ಎರಡು ವರ್ಷದಲ್ಲಿ ಒಮ್ಮೆಯೂ ಇಷ್ಟು ಉದ್ದ ಅವಳು ತಡವರಿಸದೆ ಮಾತಾಡಿರಲಿಲ್ಲ. ಪ್ರತ್ಯಯಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತವು. ಕೊನೆಯ ವಾಕ್ಯ ಮುಗಿಸಿ, ಪ್ರೇಮಲೀಲಾ ಮೇಡಂ ಕೇಳಿದ್ದರೆ ಎಂದು ಹೆಮ್ಮೆ ಪಟ್ಟಳು. ತಕ್ಷಣ ಆ ಹೆಮ್ಮೆಗೆ ನಾಚಿದಳು.

ಒಕುಡಾ ಅವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇನ್ನೊಂದು ಕೈಯನ್ನು ಮೂಗಿನ ಮುಂದೆ ಬೀಸಣಿಗೆಯಂತೆ ಆಡಿಸಿ, ಇಲ್ಲ ಇಲ್ಲ, ಎಲ್ಲಾದರೂ ಉಂಟೆ ಎಂದರು. ಅವರ ಗಂಡ ಮುಂದೆ ಬಾಗಿ, ನಮ್ಮ ಮಗನಂತೂ ಯಾವ ಕೆಲಸಕ್ಕೂ ಬಾರದವನು ಎಂದು ಗಂಭೀರವಾಗಿ ಸೇರಿಸಿದರು. ಲಿಡಿಯಾಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅಲ್ಲಿ ತನ್ನವರನ್ನು ಪರರೆದುರು ಹೊಗಳುವುದು ಅಸಭ್ಯ, ಹಳಿಯುವುದೇ ಮರ್ಯಾದೆ. ಅಮ್ಮ ಹೇಳಿದ್ದನ್ನು ಅವರು ಒಳ್ಳೆಯ ಮನೆತನದ ಹೆಂಗಸಿನ ವಿನಯ ಎಂದು ಭಾವಿಸಿದ್ದರು. ಇಲ್ಲ, ಇದು ನಿಜ ಎಂದಳು. ಅವರು ಇನ್ನಷ್ಟು ನಕ್ಕರು. ಇಂಥ ಸಂಸ್ಕಾರ ಈಗ ನಮ್ಮಲ್ಲೇ ಕಾಣೆಯಾಗಿದೆ, ನಿಮ್ಮನ್ನು ಬೆಳೆಸಿದ ತಾಯಿಗೆ ನಮಸ್ಕಾರ ತಿಳಿಸಿ, ಬೇಗ ಬನ್ನಿ ಎಂದರು. ಮತ್ತೆ ಬಾಗಿದರು. ಬಾಗಿದ ಎರಡು ನೆತ್ತಿಗಳ ಮೇಲೆ ಪರದೆ ಕಪ್ಪಾಯಿತು.

'ಏನಂದ್ರು?'

'ಅಂಗೆಲ್ಲ ಇಲ್ವೇ ಇಲ್ಲ ಅಂದ್ರು.'

'ನಂಬ್ಲಿಲ್ಲ ಅನ್ನು,' ಎಂದು ಆರೋಗ್ಯಮೇರಿ ಸೆರಗಿನ ಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು.

ಪೆಟ್ಟಿಗೆ ಆಟೊದಲ್ಲಿ ಹೊರಟುಹೋಯಿತು. ಹೋಗುವಾಗ ನೆಲ್ಸನ್, ಒಳ್ಳೆ ಜನ ಸಿಕ್ಕಿದಾರೆ, ದೇವರ ದಯೆ ಎಂದು ಕೈ ಕುಲುಕಿದರು. ತಾಯಿ ಮಗಳು ಮೆಟ್ಟಿಲು ಹತ್ತಿದರು. ವಿಡಿಯೊದ ಬಗ್ಗೆ ಅಮ್ಮ ಈಗಲಾದರೂ ಏನಾದರೂ ಕೇಳುತ್ತಾಳೆ ಎಂದು ಲಿಡಿಯಾ ಪ್ರತಿ ಮೆಟ್ಟಿಲಿಗೂ ಕಾದಳು. ಅಮ್ಮ ಸೊಂಟನೋವೆಂದು ಗೋಡೆ ಹಿಡಿದು ಹತ್ತಿದಳು, ಅಷ್ಟೆ. ಒಳಗೆ ಬಂದು ಕೂರುವಷ್ಟರಲ್ಲಿ ಫೋನು ಮತ್ತೆ ಬಂತು. ಈ ಸಲ ಹರ್ಷಿತಾ. ಅಮ್ಮ ಆಗಲೇ ರೆಡಿಯಾಗಿ ಕೂತಿದಾರೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರನ್ನೂ ಕರೆದಿದಾರೆ, ವೀಣೆ ತೆಗೆದು ಶ್ರುತಿ ಮಾಡಿದಾರೆ, ಎಷ್ಟೊತ್ತಿಗೆ ಬರ್ತೀಯ ಎಂದಳು. ಅವಳ ಹಿಂದೆ ಗಿರಿಜಾಂಬಾ ಅವರ ಧ್ವನಿ, ಊಟ ಮಾಡದೇ ಬಾ ಅನ್ನೇ, ಇಲ್ಲೇ ಬಡಿಸ್ತೀನಿ ಎನ್ನುತ್ತಿತ್ತು. ಹೇಳಬೇಕಾದ್ದು ಏನು ಎಂಬುದು ಲಿಡಿಯಾಳಿಗೆ ಚೆನ್ನಾಗಿ ಗೊತ್ತಿತ್ತು. ಈಗತಾನೆ ಅದನ್ನು ಪರಭಾಷೆಯಲ್ಲಿ, ಒಂದು ತಪ್ಪಿಲ್ಲದೆ ಹೇಳಿ ಬಂದಿದ್ದಳು. ಕನ್ನಡದಲ್ಲಿ ಹೇಳುವುದು ಇನ್ನೂ ಸುಲಭವಿರಬೇಕಿತ್ತು. ಅವಳು ಬಾಯಿ ತೆರೆದಳು.

'ಇಲ್ಲ ಕಣೇ, ಅವರು ಫೋನ್ ಮಾಡಲ್ವಂತೆ. ಒಕುಡಾ ಅವರ ಹೆಂಡತಿಗೆ ಜ್ವರ ಅಂತೆ,' ಎಂದಳು. ಎಷ್ಟು ಜ್ವರ ಎಂದು ಹರ್ಷಿತಾ ಕೇಳಿದಳು. ಜಾಸ್ತಿನೇ ಇರಬೇಕು, ಮಲಗಿದಾರಂತೆ ಎಂದು ಸೇರಿಸಿದಳು. ಪಾಪ, ಆಂಜನೇಯನಿಗೆ ಒಂದು ತುಪ್ಪದ ದೀಪ ಹಚ್ಚಿಸ್ತೀನಿ ಅನ್ನು ಎಂದು ಹಿಂದಿನಿಂದ ಗಿರಿಜಾಂಬಾ ಮರುಗಿದರು.

ಫೋನು ಕೆಳಗಿಟ್ಟು ಅವಳು ತಲೆಯೆತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಪಾದಗಳು ಕಂಡವು, ಒಂದು ಗಳಿಗೆ ನಿಂತವು, ಒಳಗೆ ಹೋದವು. ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಆರೋಗ್ಯಮೇರಿ ಹೊರಗೆ ಬಂದು, ಏನೂ ಕೇಳದೆ, ಅನ್ನ ಸಾರಿನ ತಟ್ಟೆಯನ್ನು ಮಗಳ ಮುಂದೆ ಇಟ್ಟಳು.

ಲಿಡಿಯಾ ಕೈ ತೊಳೆದು ಬಂದು ಉಂಡಳು.